ಸಮಸ್ತಪದದ ಕೀಲು

ಡಚ್ ಭಾಷೆ ಪದಗಳನ್ನು ಕೂಡಿಸುವುದರಲ್ಲಿ ಉದಾರಿ. ಕೂಡಿದ ಎಡೆಯನ್ನು ತೋರಿಸುವುದರಲ್ಲಿ ಮಾತ್ರ ಜಿಪುಣ. ನಡುವೆ ತೆರವಿಲ್ಲದೆ ಬರೆದ ಸಮಸ್ತಪದದಲ್ಲಿ ಪೂರ್ವಪದ ಎಲ್ಲಿ ಮುಗಿಯಿತೆಂಬುದನ್ನು ಓದುಗನೇ ಕಂಡುಕೊಳ್ಳಬೇಕು.

‘ವಲ್ಕೌಲ್’ ಎಂಬ ಪದವನ್ನು ‘ವಲ್’ ಮತ್ತು ‘ಕೌಲ್’ ಎಂದು ಬಿಡಿಸಿದರೆ ಬೇಟೆಗಾಗಿ ತೋಡಿ ಮುಚ್ಚಿಟ್ಟ ಗುಂಡಿ. ಕಕಾರವನ್ನು ಹಿಂದಕ್ಕೆ ಸರಿಸಿ ‘ವಲ್ಕ್’, ‘ಔಲ್’ ಎಂದರೆ ಡೇಗೆಯೂ ಗೂಬೆಯೂ ಒಂದಾಗುತ್ತವೆ. ಸಂದರ್ಭ ಬಲ್ಲ ಡಚ್ಚರು ಇಲ್ಲಿ ಎಡವರು. ಹೊಸದಾಗಿ ಕಲಿಯುವವನು ಗುಂಡಿಗೇ ಬೀಳುತ್ತಾನೆ.

ಸಾಮಾನ್ಯವಾಗಿ ಎರಡು ಸ್ವರಗಳ ನಡುವಣ ವ್ಯಂಜನ ಮುಂದಿನ ಸ್ವರವನ್ನು ಸೇರುತ್ತದೆ. ಸಮಾಸದ ಕೀಲು ಈ ನಿಯಮಕ್ಕೆ ತಲೆಬಾಗದು. ಹಲ್ಲಿಗೆ ಡಚ್ಚಿನಲ್ಲಿ ‘ತಂಡ್’ ಎಂಬ ಬರಹ. ನಮ್ಮ ‘ದಂತ’ಕ್ಕೆ ಅದು ದೂರದ ದಾಯಾದಿ. ‘ಹಲ್ಲುಗಳು’ ಎನ್ನುವ ‘ತಂಡನ್’ ರೂಪದಲ್ಲಿ ಡಕಾರ ಮುಂದಿನ ಸ್ವರದೊಡನೆ ಹೊರಟು ಡಕಾರವಾಗಿಯೇ ಉಳಿಯುತ್ತದೆ. ವೈದ್ಯನೆಂಬ ‘ಅರ್ಟ್ಸ್’ ಸೇರಿ ದಂತವೈದ್ಯನಾದಾಗ, ಮುಂದೆ ಸ್ವರವಿದ್ದರೂ ಅದು ಪೂರ್ವಪದವನ್ನು ಬಿಟ್ಟು ಕದಲದು; ಪದಾಂತ್ಯದ ವ್ಯಂಜನದಂತೆ ಅಘೋಷವಾಗಿ ‘ತಂಟ್-ಅರ್ಟ್ಸ್’ ಎಂದು ಕೇಳಿಸುತ್ತದೆ. ಕನ್ನಡದ ದಾರಿ ಇದಕ್ಕೆ ವಿರುದ್ಧ. ಮಳೆಯೂ ಕಾಲವೂ ಕೂಡಿ ‘ಮಳೆಗಾಲ’ವಾಗುವಾಗ ಕೀಲಿನೆಡೆಯ ಕಕಾರ ಘೋಷವಾಗುತ್ತದೆ. ಆದೇಶಸಂಧಿಯನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ ಈ ವೈಪರೀತ್ಯ ರುಚಿಸದೆ ಇರಲಾರದು.

ಒತ್ತಿನ ಮಾತು ಇನ್ನೂ ಸೂಕ್ಷ್ಮ. ಡಚ್ಚಿನ ನಾಮಪದಗಳ ಸಮಾಸದಲ್ಲಿ ಒತ್ತು ಸಾಮಾನ್ಯವಾಗಿ ಪೂರ್ವಪದಕ್ಕೆ ಸಲ್ಲುತ್ತದೆ; ಪುರಭವನವೆಂಬ ‘ಸ್ಟಾಟ್‌ಹೌಸ್’ನಲ್ಲಿ ಮಾತ್ರ ಉತ್ತರಪದಕ್ಕೆ. ಅಂಗಮರ್ದನದ ಮಂಚವನ್ನೂ ಸಾಮೂಹಿಕ ಪ್ರಾರ್ಥನೆಯನ್ನೂ ಹತ್ತೇ ಲಿಪಿಗಳ ಒಂದೇ ಪದವಾಗಿ ಬರೆಯಬಹುದು. ಸಾಲಿನ ಕೊನೆಯಲ್ಲಿ ತುಂಡರಿಸಿದರೂ ಎರಡರ ನಾಲ್ಕು ಭಾಗಗಳು ಒಂದೇ. ಒತ್ತು ಎರಡನೆಯ ಭಾಗದ ಮೇಲೆ ಬಿದ್ದರೆ ಮಂಚ, ಮೊದಲನೆಯದರ ಮೇಲೆ ಬಿದ್ದರೆ ಪ್ರಾರ್ಥನೆ. ಸಭೆಗೆ ಕರೆಯೋಲೆ ಓದುವವನ ಫಜೀತಿಯನ್ನು ಊಹಿಸಬಹುದು!

ನಗೆಗೆ ಎಡೆಯಿಲ್ಲದ ಪದವೂ ಒಂದುಂಟು. ‘ವೋರ್‌ಕೋಮನ್’ ಎಂಬ ಕ್ರಿಯಾಪದದಲ್ಲಿ ‘ವೋರ್’ ಮೇಲೆ ಒತ್ತಿದರೆ ‘ತಲೆದೋರುವುದು’, ‘ಕೋ’ ಮೇಲೆ ಒತ್ತಿದರೆ ‘ತಡೆಯುವುದು’. ಕಾಯಿಲೆಯ ಕುರಿತ ತಿಳಿವಳಿಕೆ ಪತ್ರದ ತಲೆಬರಹದಲ್ಲಿ ಇದು ಬಂದಾಗ, ರೋಗ ಎಲ್ಲೆಲ್ಲಿ ಕಾಣಿಸಿಕೊಳ್ಳುತ್ತದೆ ಎಂಬ ವಿವರವೋ, ಅದನ್ನು ತಡೆಯುವ ಬಗೆಯೋ ಎಂಬುದನ್ನು ಅಕ್ಷರಗಳು ಹೇಳವು. ಅದಕ್ಕಾಗಿ ಸ್ವರದ ನೆತ್ತಿಯ ಮೇಲೆ ಪುಟ್ಟ ಓರೆಗೆರೆಯೊಂದನ್ನು ಇಡಲು ಡಚ್ ಬರಹದಲ್ಲಿ ಅವಕಾಶವಿದೆ. ಬರೆಯುವವನಿಗೆ ಅರ್ಥ ಮೊದಲೇ ಗೊತ್ತಿರುವುದರಿಂದ ಎಷ್ಟೋ ಸಲ ಆ ಗೆರೆ ಬೀಳುವುದಿಲ್ಲ.