ಒಳಗೋ, ಹೊರಗೋ, ಇನ್ನೂ ಗೊತ್ತಿಲ್ಲವೋ

ಆ್ಯಪ್ ತೆರೆದ ಕೂಡಲೇ ಲಾಗಿನ್ ಪರದೆ ಒಮ್ಮೆ ಮಿಂಚಿ ಮರೆಯಾಗಿ, ಮುಖಪುಟ ಬಂದು ನಿಲ್ಲುವುದನ್ನು ಬಹಳ ಜನ ನೋಡಿರುತ್ತಾರೆ. ಬಳಸುವವರು ಗಮನಿಸದೆ ಮುಂದೆ ಹೋಗುತ್ತಾರೆ. ಆ್ಯಪ್ ಕಟ್ಟುವುದನ್ನು ಮನಸಾರೆ ಪ್ರೀತಿಸುವವರ ಕಣ್ಣು ಮಾತ್ರ ಅಲ್ಲೇ ನಿಲ್ಲುತ್ತದೆ. ಕೋಡ್ ಬರೆದವರು ಎರಡೇ ಸ್ಥಿತಿ ಎಣಿಸಿದ್ದಾರೆ: ಬಳಕೆದಾರರು ಒಳಗಿದ್ದಾರೆ, ಇಲ್ಲವೇ ಹೊರಗಿದ್ದಾರೆ. ಮೂರನೆಯದೂ ಒಂದಿದೆ. ಇನ್ನೂ ಗೊತ್ತಾಗಿಲ್ಲ ಎನ್ನುವುದು.

ಈ ಕಸುಬಿನ ರುಚಿಯೆಲ್ಲ ಇರುವುದು ಆ ಮೂರನೆಯದರಲ್ಲಿ. ಆ್ಯಪ್ ಕಟ್ಟಲು ಫ್ಲಟರ್, ಲಾಗಿನ್ ನೋಡಿಕೊಳ್ಳಲು ಫೈರ್‌ಬೇಸ್ ಬಳಸುವವರಿಗೆ 'ಆಥ್‌ಸ್ಟೇಟ್‌ಚೇಂಜಸ್' ಎಂಬ ಸ್ಟ್ರೀಮ್ ಸಿಗುತ್ತದೆ. ಅದಕ್ಕೆ ಕಿವಿಗೊಟ್ಟೊಡನೆ ಈಗಿನ ಸ್ಥಿತಿ ಏನೆಂದು ಒಮ್ಮೆ ಹೇಳುತ್ತದೆ; ಆಮೇಲೆ ಸೈನ್ ಇನ್, ಸೈನ್ ಔಟ್ ಆದಾಗ ಮತ್ತೆ ತಿಳಿಸುತ್ತದೆ. ಮೊದಲ ಸುದ್ದಿ ಬರುವ ತನಕ, ಅದನ್ನು ಕೇಳಿ ಪರದೆ ಕಟ್ಟುವ ಸ್ಟ್ರೀಮ್‌ಬಿಲ್ಡರ್ ಕೈಯಲ್ಲಿರುವುದು ಬರೀ 'ನಲ್', ಅಂದರೆ ಏನೂ ಇಲ್ಲ. ಯಾರೂ ಸೈನ್ ಇನ್ ಆಗಿಲ್ಲ ಎಂದು ಖಚಿತವಾದಾಗಲೂ ಸಿಗುವುದು ಅದೇ 'ನಲ್'. ಇವೆರಡನ್ನೂ ಒಂದೇ ಎಂದುಕೊಂಡಲ್ಲಿ ಆ ಮಿಂಚು ಹುಟ್ಟುತ್ತದೆ. 'ಕನೆಕ್ಷನ್‌ಸ್ಟೇಟ್' ಇನ್ನೂ 'ವೇಯ್ಟಿಂಗ್' ಎನ್ನುತ್ತಿದೆಯೇ ಎಂದು ಮೊದಲು ನೋಡಿ, ಹೌದಾದರೆ ಸ್ಪ್ಲ್ಯಾಶ್ ಪರದೆಯನ್ನೇ ಉಳಿಸಿಕೊಂಡರೆ ಸಾಕು. ಒಂದೆರಡು ಸಾಲಿನ ಕೆಲಸ, ಎಂಥ ನೆಮ್ಮದಿ!

ಯಾವ ಪರದೆ ತೋರಿಸಬೇಕೆಂಬ ಈ ತೀರ್ಮಾನವನ್ನು ಆ್ಯಪಿನ ಬುಡದಲ್ಲಿ, ಒಂದೇ ಕಡೆ ಇಟ್ಟರೆ ಉಳಿದ ಕೋಡ್ ಹಗುರಾಗುತ್ತದೆ. ಲಾಗಿನ್ ಬಟನ್ ಸೈನ್ ಇನ್ ಮಾಡಿ ಸುಮ್ಮನಾಗಬಹುದು, ಪರದೆ ತಾನೇ ಬದಲಾಗುತ್ತದೆ. ಆದರೆ ನ್ಯಾವಿಗೇಟರ್ ಮೂಲಕ ಮೇಲೆ ಪೇರಿಸಿದ ಪುಟಗಳು ಸೈನ್ ಔಟ್ ಆದ ಮೇಲೂ ಅಲ್ಲೇ ಕುಳಿತಿರುತ್ತವೆ. ಕೆಳಗೆ ಲಾಗಿನ್ ಪರದೆ ಬಂದಿದ್ದರೂ ಕಣ್ಣಿಗೆ ಕಾಣುವುದು ಹಳೆಯ ಪ್ರೊಫೈಲ್ ಪುಟವೇ. ಅವನ್ನು ತೆಗೆಯುವುದು ಬರೆಯುವವರ ಹೊಣೆ.

'ಆಥ್‌ಸ್ಟೇಟ್‌ಚೇಂಜಸ್' ಮನೆತನದ್ದೇ ಆದ 'ಯೂಸರ್‌ಚೇಂಜಸ್' ಇನ್ನೂ ಸೂಕ್ಷ್ಮ. ಅತಿಥಿಯಾಗಿ ಬಂದವರು ಮೊಬೈಲ್ ನಂಬರ್ ಜೋಡಿಸಿದರೆ ಯೂಸರ್ ಐಡಿ ಬದಲಾಗುವುದಿಲ್ಲ, ಆದರೂ ಖಾತೆ ಬದಲಾಗಿರುತ್ತದೆ. ಅದನ್ನು ತಿಳಿಸುವುದು ಈ ಸ್ಟ್ರೀಮ್. ಇಷ್ಟಾದರೂ ಫೈರ್‌ಬೇಸ್ ಕನ್ಸೋಲಿನಲ್ಲಿ ಖಾತೆಯನ್ನು ಅಮಾನತು ಮಾಡಿದರೆ ಈ ಸ್ಟ್ರೀಮ್‌ಗಳು ಯಾವುವೂ ತಾವಾಗಿ ಸುದ್ದಿ ಕೊಡುವುದಿಲ್ಲ. 'ರಿಲೋಡ್' ಕರೆದು ವಿಚಾರಿಸಬೇಕು. ಐಫೋನಿನಲ್ಲಂತೂ ಆ್ಯಪ್ ಅಳಿಸಿದರೂ ಕೀಚೈನ್‌ನಲ್ಲಿಟ್ಟ ಲಾಗಿನ್ ಮಾಹಿತಿ ಉಳಿಯುತ್ತದೆ. ಮತ್ತೆ ಇನ್‌ಸ್ಟಾಲ್ ಮಾಡಿದವರು ಕೇಳದೆಯೇ ಒಳಗಿರಬಹುದು.

ಸೈನ್ ಔಟ್‌ಗೆ ಸಿಗಬೇಕಾದ ಗಮನ ಇನ್ನೂ ಸಿಕ್ಕಿಲ್ಲ. ಒಂದೇ ಫೋನನ್ನು ಅಕ್ಕ, ತಮ್ಮ ಇಬ್ಬರೂ ಬಳಸುವ ಮನೆಗಳಿವೆ. ಅಕ್ಕ ಹೊರಬಂದಾಗ ಫೋನಿನ ನೋಟಿಫಿಕೇಶನ್ ಟೋಕನ್ ಅವಳ ಹೆಸರಿನಲ್ಲೇ ಸರ್ವರ್‌ನಲ್ಲಿ ಉಳಿದರೆ, ಅವಳಿಗೆ ಬಂದ ಸಂದೇಶ ತಮ್ಮನ ಕಣ್ಣೆದುರು ಬೀಳುತ್ತದೆ. ಟೋಕನ್ ಅಳಿಸುವ ಕರೆ ಸೈನ್ ಔಟ್‌ಗಿಂತ ಮೊದಲೇ ಹೋಗಬೇಕು. ಆಮೇಲೆ ಕಳಿಸಿದರೆ, ಅವಳ ದಾಖಲೆ ಮುಟ್ಟಲು ಆ್ಯಪಿಗೆ ಅನುಮತಿಯೇ ಇರುವುದಿಲ್ಲ.