ಮನಸ ತಿರಗಸಾವ್ರು ಮೊದ್ಲ ಏನ ಕಲೀಬೇಕು?

ನಮ್ಮ ಮನಿ ಹುಡುಗೂರು ಈಗ ಒಂದ ಆಟ ಹಚ್ಚ್ಯಾವ್ರಿ, ಡಂಜನ್ಸ್ ಅಂಡ್ ಡ್ರಾಗನ್ಸ್ ಅಂತ. ಮನೋಳಿಗೆ ಹೊಸಾದು, ಅಮೆರಿಕಾದಾಗ 1974ರಾಗನ ಬಂದೈತಿ. ಒಬ್ಬರು ಕತಿ ನಡಸ್ತಾರ, ಉಳದಾವ್ರು ಒಂದೊಂದು ಪಾತ್ರ ಆಗಿ ‘ನಾ ಹಿಂಗ ಮಾಡ್ತೀನಿ’ ಅಂತಾರ. ಅದು ಆಗತೈತೋ ಇಲ್ಲೋ ಅಂತ 20 ಮುಖದ ದಾಳ ಹೇಳತೈತಿ. ನಮ್ಮ ದೊಡ್ಡಾಟ ಇದ್ದಂಗ, ಆದ್ರ ಮಾತು ಯಾರೂ ಮೊದ್ಲ ಬರದಿಟ್ಟಿರೂದಿಲ್ಲ.

ಅಣ್ಣನ ಮಗಳು ತಗೊಂಡಿದ್ದು ಬಾರ್ಡ್ ಅನ್ನೂ ಪಾತ್ರ. ಹಾಡಿಲೆ, ಮಾತಿಲೆ ಮಂದಿ ಮನಸ ತಿರಗಸಾಕಿ. 2014ರ ನಿಯಮದಾಗ ಕೌಶಲ 18 ಅದಾವ, ಬಾರ್ಡ್ ಅದರಾಗ ಬೇಕಾದ 3 ಆರಸ್ಕೋಬಹುದು. ಆಕಿ ಬರದಿದ್ದು ಪರ್ಸ್ವೇಶನ್, ಡಿಸೆಪ್ಶನ್, ಇಂಟಿಮಿಡೇಶನ್. ಅಂದ್ರ ತಿಳಿಸಿ ಒಪ್ಪಸೂದು, ಸುಳ್ಳು ನಂಬಸೂದು, ಹೆದರಸೂದು. ಮೂರೂ ಬಾಯಿ ಕೆಲಸ!

‘ಹೆದರಸೂದು ತಗದು ಇನ್‌ಸೈಟ್ ಹಾಕವ್ವಾ’ ಅಂದೆ. ಎದುರಿಗಿದ್ದಾವ್ರ ಮನಸಿನಾಗ ಏನೈತಿ ಅಂತ ತಿಳಕೊಳ್ಳೂದು ಅದು.

‘ಅದು ವಿವೇಕದ ಲೆಕ್ಕಕ್ಕ ಬರತೈತಿ ಅತ್ತಿ, ನನ್ನ ಪಾತ್ರಕ್ಕ ವಿವೇಕ ಕಡಿಮಿ.’

‘ಕಡಿಮಿ ಇದ್ದಿದ್ದಕ್ಕ ಕಲೀಬೇಕವ್ವಾ.’

ಯಾಕ ಹಂಗಂದೆ ಕೇಳ್ರಿ. ನಮ್ಮ ನೆಗೆಣ್ಣಿ ಮಗಳು ಹತ್ತನೇತ್ತದಾಗ ಚಲೋ ಮಾರ್ಕ್ಸ್ ತಗೊಂಡ್ಲು. ಧಾರವಾಡದಾಗ ಸೈನ್ಸ್ ಓದತೀನಿ ಅಂದ್ಲು. ಮೈದುನ ‘ರೊಕ್ಕಿಲ್ಲ’ ಅಂತ ಕೂತ್ರು. ಹುಡುಗಿ ಊಟಾ ಬಿಟ್ಲು. ಅದು ಹೆದರಸೂದು, ಅವ್ರು ಮತ್ತಷ್ಟು ಗಟ್ಟಿ ಆದ್ರು. ಸೋದರಮಾವ ‘ಹಾಸ್ಟೆಲ್ ಪುಕ್ಕಟೆ ಅಂತ ಹೇಳಿ ಬಿಡ್ರಿ’ ಅಂದ. ಅದು ಸುಳ್ಳು.

ನೆಗೆಣ್ಣಿ ಎರಡೂ ಬಿಟ್ಟು ಸುಮ್ನ ಕೇಳಕೋಂತ ಕೂತ್ಲು. ರೊಕ್ಕದ ಮಾತು ಬಂದ್ರ ಗಂಡ ಲಗೂನ ಮುಗಸ್ತಿದ್ರು. ಬಸ್ಸಿನ ಮಾತು ಬಂದ್ರ ಮಾತ್ರ ‘ಶನಿವಾರ ಬರೂದು ಎಷ್ಟೊತ್ತಿಗೆ? ಕತ್ತಲ ಆಗತೈತೇನು?’ ಅಂತ ಎರಡೆರಡು ಸಲ ಕೇಳ್ತಿದ್ರು. ಅಂಜಿಕಿ ಅಲ್ಲಿತ್ತು. ಆಕಿ ಅವ್ರನ್ನ ಧಾರವಾಡಕ್ಕ ಕರಕೊಂಡು ಹೋಗಿ ವಾರ್ಡನ್‌ಬಾಯಾರ ಕೂಡ ಮಾತಾಡ್ಸಿದ್ಲು. ಹುಡುಗ್ಯಾರು ಹೊರಗ ಹೋಗೂಮುಂದ ಸಹಿ ಮಾಡೂ ರಜಿಸ್ಟರ್ ತೋರ್ಸಿದ್ಲು. ಶನಿವಾರ ಅಪ್ಪನ ಹೋಗಿ ಕರಕೊಂಡು ಬರೂದು ಅಂತ ಆತು. ಬರೂ ದಾರ್‍ಯಾಗ ಅವ್ರ ‘ಫೀ ಯಾವಾಗ ಕಟ್ಟೂದು?’ ಅಂದ್ರಂತ. ಹುಡುಗಿ ಈಗ ಎರಡನೇ ಪಿಯುಸಿ.

ಆಟದ ಪುಸ್ತಕದಾಗೂ ಹಿಂಗ ಐತಂತ. ಎದುರಿನಾವ್ರು ಯಾವುದನ್ನ ನಂಬ್ಯಾರ, ಯಾರ ಮ್ಯಾಲ ಜೀವ ಇಟ್ಟಾರ ಅಂತ ಇನ್‌ಸೈಟ್‌ಲೆ ಪತ್ತೆ ಹಚ್ಚಿ ಆ ಮಾತು ಹಿಡದ್ರ ಅವ್ರ ಮನಸ ಸಡ್ಲ ಆಗತೈತಿ. ಚಾರ್ಮ್ ಪರ್ಸನ್ ಅನ್ನೂ ಮಂತ್ರಾನೂ ಐತಿ. ಹಾಕಿದ್ರ ವೈರಿನೂ ಗೆಳೆಯಾನಂಗ ಮಾತಾಡ್ತಾನ. ಆದ್ರ ಅದು ಒಂದ ತಾಸು. ಇಳದ ಕೂಡ್ಲೆ ‘ನನಗ ಮಂತ್ರ ಹಾಕಿದ್ದು ಇಕಿನ’ ಅಂತ ಅವಂಗ ಗೊತ್ತಾಗತೈತಿ. ಪುಕ್ಕಟೆ ಹಾಸ್ಟೆಲ್ಲಿನ ಸುಳ್ಳೂ ಹಂಗ. ಮೊದಲ್ನೇ ಫೀ ಪಾವತಿ ಕೈಗೆ ಬಂದ ದಿನ ಇಳೀತಿತ್ತು, ಹುಡುಗಿ ಗಂಟು ಕಟ್ಟಿಕೊಂಡು ಮನಿಗೆ ಬರಬೇಕಾಗ್ತಿತ್ತು.

ಡಿಸೆಪ್ಶನ್ ಮಾತ್ರ ಇರಲಿ ಅಂದೆ. ರಾಕ್ಷಸರ ಗವಿಯಾಗ ಸಿಕ್ಕರ ಒಂದ ಸುಳ್ಳು ಬೇಕಾಗತೈತಿ. ಮನ್ಯಾಗಿರಾವ್ರು ರಾಕ್ಷಸರಲ್ಲ, ನಾಳೆನೂ ಅವ್ರಿಗೆ ರೊಟ್ಟಿ ಬಡೀಬೇಕು. ಅವ್ರ ಮುಂದ ಮೊದ್ಲ ಕೇಳ್ರಿ, ಆಮ್ಯಾಲ ಹೇಳ್ರಿ.