ಬೆರಳು ಒಪ್ಪಿದರೆ ಅಕ್ಕಿ

ಮುಂಡಗೋಡದಿಂದ ಹುಬ್ಬಳ್ಳಿ ರಸ್ತೆ ಹಿಡಿದು ಬಂದು ಅತ್ತಿವೇರಿ ಕಡೆ ತಿರುಗಿದ್ದೀರಿ. 2025ರ ಆಷಾಢ. ಚಳಿಗಾಲದಲ್ಲಿ ಅಲ್ಲಿನ ಪಕ್ಷಿಧಾಮಕ್ಕೆ ಬರುವ ಕಾರುಗಳು ಈಗಿಲ್ಲ. ಕೂರಿಗೆಯಲ್ಲಿ ಬಿತ್ತಿದ ಭತ್ತ ಗೇಣುದ್ದ ಎದ್ದಿದೆ. ಸಾಲುಗಳ ನಡುವೆ ಹೆಂಗಸರು ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಕಳೆ ಕೀಳುತ್ತಿದ್ದಾರೆ. ಈ ಭತ್ತ ಕಣಕ್ಕೆ ಬರಲು ದೀಪಾವಳಿ ದಾಟಬೇಕು. ಹೋದ ವರ್ಷದ ಭತ್ತ ಇನ್ನೂ ಉಳಿದಿರುವುದು ಅನುಕೂಲಸ್ಥರ ಮನೆಯಲ್ಲಿ ಮಾತ್ರ. ಹೊಲವಿಲ್ಲದವರಿಗೆ, ಅರ್ಧ ಎಕರೆ ಮುಕ್ಕಾಲು ಎಕರೆಯವರಿಗೆ, ಈ ತಿಂಗಳುಗಳ ಕಣಜವೆಂದರೆ ನ್ಯಾಯಬೆಲೆ ಅಂಗಡಿ.

ಇವತ್ತು ರೇಷನ್ ಕೊಡುವ ದಿನ. ಹಂಚಿನ ಕಟ್ಟಡದ ಮುಂದೆ ಆಗಲೇ ಪಾಳಿ ಬೆಳೆದಿದೆ. ಜನ ನೆನೆಯಬಾರದೆಂದು ಸೂರಿನ ಕೆಳಗೆ ನಿಂತಿದ್ದಾರೆ. ಪಾಳಿ ತಪ್ಪಬಾರದೆಂದು ಮಡಚಿದ ಚೀಲಗಳನ್ನು ಒಂದರ ಹಿಂದೊಂದು ಇಟ್ಟಿದ್ದಾರೆ. ಯೂರಿಯಾ ಚೀಲ, ಸಿಮೆಂಟ್ ಚೀಲ, ತೊಳೆದು ಒಣಗಿಸಿದ್ದು. ನಿಂತವರಲ್ಲಿ ಹೆಂಗಸರೇ ಹೆಚ್ಚು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಹೆಂಗಸನ್ನೇ ಯಜಮಾನಿ ಎಂದು ಬರೆಸಿದೆ. ಯಜಮಾನಿಕೆ ಬಂದ ಮೇಲೆ ಪಾಳಿಯೂ ಅವಳದೇ.

ಒಳಗೆ ಬನ್ನಿ. ಗೋಣಿಯ ಹಸಿ ವಾಸನೆ ಮೂಗಿಗೆ ಅಡರುತ್ತದೆ. ಒಂದು ಮೂಲೆಯಲ್ಲಿ ಅಕ್ಕಿ ಮೂಟೆಗಳ ಅಟ್ಟಿ, ಇನ್ನೊಂದರಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ. ನಡುವೆ ಮೇಜಿನ ಮೇಲೆ ಅಂಗೈಯಗಲದ ಯಂತ್ರ, ಅದರ ಹೊಟ್ಟೆಯಲ್ಲಿ ಕೆಂಪು ಬೆಳಕಿನ ಗಾಜು. ಮೂಟೆ ಎಷ್ಟೇ ಇರಲಿ, ಆ ಗಾಜು ಹೂಂ ಅನ್ನದೆ ಒಂದು ಕಾಳೂ ಹೊರಗೆ ಹೋಗುವುದಿಲ್ಲ.

ಒಬ್ಬ ಅಜ್ಜಿ ಹೆಬ್ಬೆರಳು ಇಡುತ್ತಾಳೆ. ಯಂತ್ರ ಒಲ್ಲೆ ಅನ್ನುತ್ತದೆ.

“ಒತ್ತಿ ಹಿಡಿಯಬೇ ಅಮ್ಮಾ,” ಅನ್ನುತ್ತಾನೆ ಅಂಗಡಿಯವ.

“ಒತ್ತೇನಿ ತಮ್ಮಾ. ಇನ್ನೆಷ್ಟು ಒತ್ತಲಿ?”

ಹತ್ತಿರದಿಂದ ಆ ಬೆರಳು ನೋಡಿ. ವಾರದಿಂದ ಕಳೆ ಕಿತ್ತ ಬೆರಳು. ನೀರಿಗೆ ಸುಕ್ಕುಗಟ್ಟಿ ಬೆಳ್ಳಗಾಗಿದೆ, ತುದಿಯಲ್ಲಿ ಅಡ್ಡಡ್ಡ ಸೀಳು, ಸೀಳಿನೊಳಗೆ ಕಪ್ಪು ಮಣ್ಣು. ಗೆರೆಗಳೆಲ್ಲ ಸವೆದು ನುಣ್ಣಗಾಗಿವೆ. ಅವಳು ಸೆರಗಿಗೆ ಒರೆಸಿಕೊಳ್ಳುತ್ತಾಳೆ, ತಲೆಗೂದಲಿಗೆ ತಿಕ್ಕಿ ಎಣ್ಣೆಯ ಪಸೆ ಹಚ್ಚಿಕೊಳ್ಳುತ್ತಾಳೆ, ಮತ್ತೆ ಇಡುತ್ತಾಳೆ. ತೋರುಬೆರಳು, ನಡುಬೆರಳು, ಎಡಗೈ. ಹಿಂದಿನವರು ಗೊಣಗುವುದಿಲ್ಲ, ಅವರ ಕೈಯೂ ಅಂಥದ್ದೇ. ಅಷ್ಟರಲ್ಲಿ ಕರೆಂಟು ಹೋಗುತ್ತದೆ. ಬಂದ ಮೇಲೆ “ಸರ್ವರ್ ಇಲ್ರಿ, ತಡೀರಿ” ಅನ್ನುತ್ತಾನೆ ಅಂಗಡಿಯವ. ಪಾಳಿಯವರು ಗೋಡೆಗೆ ಒರಗಿ ಕೂರುತ್ತಾರೆ. ಇವತ್ತಿನ ಕೂಲಿ ಹೋಯಿತು.

ಯಂತ್ರ ಬೆರಳನ್ನು ತಾಳೆ ನೋಡುವುದು ಆಧಾರ್ ಜೊತೆ. ಆಧಾರ್ ಒಪ್ಪದ ಕಥೆ ಈ ಜಿಲ್ಲೆಯಲ್ಲಿ ಸಣ್ಣದಲ್ಲ. 2017ರ ಜುಲೈನಲ್ಲಿ, ಇದೇ ಉತ್ತರ ಕನ್ನಡದ ಗೋಕರ್ಣದಲ್ಲಿ, ಒಂದೇ ದಲಿತ ಕುಟುಂಬದ ಮೂವರು ಅಣ್ಣತಮ್ಮಂದಿರು ಒಂದೇ ತಿಂಗಳಲ್ಲಿ ತೀರಿಕೊಂಡರು. ಆಧಾರ್ ಜೋಡಣೆಯಾಗಿಲ್ಲವೆಂದು ತಿಂಗಳುಗಟ್ಟಲೆ ಆ ಮನೆಗೆ ರೇಷನ್ ನಿಂತಿತ್ತು, ಸಾವಿಗೆ ಹಸಿವೇ ಕಾರಣ ಎಂದು ಮಾನವ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನ ಸತ್ಯಶೋಧನಾ ತಂಡ ಹೇಳಿತು. ಆಡಳಿತ ಒಪ್ಪಲಿಲ್ಲ. ಅದೇ ವರ್ಷ ಜಾರ್ಖಂಡಿನಲ್ಲೂ ರೇಷನ್ ಸಿಗದೆ ಹುಡುಗಿಯೊಬ್ಬಳು ಸತ್ತ ಸುದ್ದಿ ದೇಶವನ್ನು ಕಲಕಿತು. ಆಧಾರ್ ಇಲ್ಲವೆಂಬ ಕಾರಣಕ್ಕೆ ಯಾರಿಗೂ ಧಾನ್ಯ ನಿರಾಕರಿಸಬಾರದು ಎಂದು ಕೇಂದ್ರ ಸರ್ಕಾರ 2017ರ ಅಕ್ಟೋಬರಿನಲ್ಲಿ ಆದೇಶಿಸಿತು. ಆದೇಶ ದಿಲ್ಲಿಯಿಂದ ಹೊರಟಿತು ನಿಜ. ಈ ಮೇಜಿನವರೆಗೆ ಬಂದಿತೇ ಎಂದು ಕೇಳಿದರೆ ಪಾಳಿಯಲ್ಲಿ ಉತ್ತರಿಸುವವರು ಸಿಗುವುದಿಲ್ಲ.

ಸರ್ವರ್ ಬಂತು. ಅಜ್ಜಿಯ ಸೊಸೆ ಕೂಸನ್ನು ಸೊಂಟಕ್ಕೇರಿಸಿಕೊಂಡು ಓಡಿ ಬಂದು ತನ್ನ ಬೆರಳು ಇಡುತ್ತಾಳೆ. ಯಂತ್ರ ಒಪ್ಪುತ್ತದೆ, ಚೀಟಿ ಹೊರಬರುತ್ತದೆ. ಅಂಗಡಿಯವ ತಗಡಿನ ಮೊರದಿಂದ ಅಕ್ಕಿ ಸುರಿಯುತ್ತಾನೆ. ತಕ್ಕಡಿಯ ಕೆಂಪು ಅಂಕಿಯ ಮೇಲೆ ಎಲ್ಲರ ಕಣ್ಣು. ತಲೆಗೆ 10 ಕಿಲೊ. ಕೇಂದ್ರದ 5 ಕಿಲೊ, ರಾಜ್ಯದ ಅನ್ನಭಾಗ್ಯ ಯೋಜನೆಯ 5 ಕಿಲೊ. ಅನ್ನಭಾಗ್ಯ ಶುರುವಾದದ್ದು 2013ರ ಜುಲೈಯಲ್ಲಿ. 2023ರ ಜುಲೈಯಿಂದ ಒಂದೂವರೆ ವರ್ಷ ರಾಜ್ಯಕ್ಕೆ ಹೆಚ್ಚುವರಿ ಅಕ್ಕಿ ಸಿಗದೆ, ಕಿಲೊಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಬರುತ್ತಿತ್ತು. 2025ರ ಫೆಬ್ರುವರಿಯಿಂದ ಮತ್ತೆ ಅಕ್ಕಿ.

ಚೀಲದ ಹಿಂದೆ ಅವರ ಮನೆಗೂ ಹೋಗಿ. ಸೊಸೆ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಾಳೆ. ಕಲ್ಲಿನ ಜೊತೆಗೆ ಒಂದೊಂದು ಹಳದಿ ಛಾಯೆಯ ಕಾಳನ್ನೂ ಹೆಕ್ಕಿ ಅಂಗಳಕ್ಕೆ ಎಸೆಯುತ್ತಾಳೆ. “ಪ್ಲಾಸ್ಟಿಕ್ ಅಕ್ಕಿ ರೀ, ನೀರಾಗ ತೇಲ್ತಾವು.” ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಕಲಸಿ ಕಾಳಿನ ಆಕಾರಕ್ಕೆ ಒತ್ತಿದ್ದು. ನೂರು ಕಾಳಿಗೆ ಒಂದರಂತೆ ಬೆರೆಸುತ್ತಾರೆ. ರಕ್ತಹೀನತೆ ನೀಗಲೆಂದು ಸರ್ಕಾರ ಸೇರಿಸಿದ್ದನ್ನೇ ಕೂಸಿನ ತಾಯಿ ಕೋಳಿಗೆ ಹಾಕುತ್ತಿದ್ದಾಳೆ. ಅವಳಿಗೆ ಇದನ್ನು ಯಾರೂ ಹೇಳಿಲ್ಲ.

ಒಲೆಯ ಮೇಲೆ ಅನ್ನ ಕುದಿಯುತ್ತಿದೆ. ಜೊತೆಗೆ? ಹಸಿಮೆಣಸಿನಕಾಯಿ ಖಾರ, ನೀರು ನೀರಾದ ಹುಣಸೆ ಸಾರು. ಕಾಡಿಗೆ ಹೋಗಿಬಂದವರಿದ್ದರೆ ಒಂದಿಷ್ಟು ಕಳಲೆ. ಬೇಳೆ ಸಂತೆಯಿಂದ ಬರಬೇಕು, ಸಂತೆಗೆ ಕೂಲಿ ಬರಬೇಕು. ಹತ್ತು ಕಿಲೊ ಅಕ್ಕಿ ಹೊಟ್ಟೆ ತುಂಬಿಸುತ್ತದೆ, ಮೈ ತುಂಬಿಸುವುದಿಲ್ಲ. ಇದೇ ಸೀಮೆಯ ಬುಡಕಟ್ಟಿನವರಾದ ಸಿದ್ದಿಯರ ಮನೆಗಳಿಗೆ ಪರಿಶಿಷ್ಟ ಪಂಗಡಗಳ ಕಲ್ಯಾಣ ಇಲಾಖೆ ಬೇಳೆಕಾಳು, ಎಣ್ಣೆ, ಬೆಲ್ಲ, ಮೊಟ್ಟೆಯ ಪೌಷ್ಟಿಕ ಆಹಾರ ಕೊಡುವುದರ ಹಿಂದೆ ಇರುವುದು ಇದೇ ತಿಳಿವಳಿಕೆ. ಉಳಿದವರ ವಿಷಯದಲ್ಲಿ ಅದು ತಡವಾಗಿ ಬಂತು: ಹೆಚ್ಚುವರಿ 5 ಕಿಲೊ ಅಕ್ಕಿಯ ಬದಲು ತೊಗರಿ ಬೇಳೆ, ಎಣ್ಣೆ, ಸಕ್ಕರೆ, ಉಪ್ಪಿರುವ ‘ಇಂದಿರಾ ಕಿಟ್’ ಕೊಡಲು ರಾಜ್ಯ ಸಚಿವ ಸಂಪುಟ ತೀರ್ಮಾನಿಸಿದ್ದು ಈ ಆಷಾಢ ಕಳೆದು, 2025ರ ಅಕ್ಟೋಬರಿನಲ್ಲಿ. ಬೇಳೆ ಸೇರಿಸಿದ್ದು ಸರಿಯಾದ ಕೆಲಸ. ಆದರೆ ಬೇಳೆಗೂ ಬೆರಳೇ ಬೇಕೆಂದರೆ ಅಜ್ಜಿಯ ಪಾಡು ಬದಲಾಗುವುದಿಲ್ಲ.

ಆದ್ದರಿಂದ ಓದುವವರಲ್ಲಿ ಒಂದು ಮಾತು. ನಿಮ್ಮೂರಿನ ಪಾಳಿಯಲ್ಲಿ ಯಾರದಾದರೂ ಬೆರಳು ಒಪ್ಪದಿದ್ದರೆ ಪಕ್ಕದಲ್ಲಿ ನಿಲ್ಲಿ. ಮನೆಯ ಇನ್ನೊಬ್ಬರ ಬೆರಳು ನಡೆಯುತ್ತದೆ, ಮೊಬೈಲಿಗೆ ಬರುವ ಒಟಿಪಿಯೂ ನಡೆಯುತ್ತದೆ. ಮಗ ಗೋವಾದಲ್ಲಿ ದುಡಿಯುತ್ತಿದ್ದರೆ ಅದೇ ಕಾರ್ಡಿನಲ್ಲಿ ಅವನ ಪಾಲಿನ ಕೇಂದ್ರದ ಧಾನ್ಯ ಅಲ್ಲೇ ಸಿಗುತ್ತದೆ. ಬರಿಗೈಯಲ್ಲಿ ಕಳಿಸಿದರೆ 1967ಕ್ಕೆ ಫೋನ್ ಮಾಡಿ, ದೂರು ಬರೆಸಿ. ಕಾಯ್ದೆಯಂತೆ ಸಲ್ಲಬೇಕಾದ ಧಾನ್ಯ ಸಿಗದಿದ್ದರೆ ಆಹಾರ ಭದ್ರತಾ ಭತ್ಯೆ ಕೊಡಬೇಕಾಗುತ್ತದೆ. ಆ ಅಕ್ಕಿ ಯಾರೋ ಹಾಕುವ ಭಿಕ್ಷೆಯಲ್ಲ. ಕಾಯ್ದೆ ಆ ಅಜ್ಜಿಯ ಹೆಸರಿಗೆ ಬರೆದುಕೊಟ್ಟ ಪಾಲು.